ಒಂದು ಗೇಣು ಕಡಿಮೆಯಾದ ಹಳದಿ ಸೀರೆ

ಸಿಂಚನಾ, ಗುಂಡಾ,

ಮೊನ್ನೆ ಭಾನುವಾರ ನೀವಿಬ್ಬರೂ ಬೆನ್ನು ತಿರುಗಿಸಿಕೊಂಡು ಊಟ ಮಾಡಿದ್ದನ್ನು ನೋಡಿದೆ. ಒಬ್ಬಳು ಅಡುಗೆಮನೆಯ ಬಾಗಿಲಲ್ಲಿ, ಒಬ್ಬ ಟಿವಿ ಮುಂದೆ. ಯಾವುದೋ ದೇಶದ ಎರಡು ಟೀಮು ಮೊಬೈಲಿನಲ್ಲಿ ಫುಟ್ಬಾಲ್ ಆಡಿದವಂತೆ. ಆ ಊರುಗಳ ಹೆಸರು ನನ್ನ ಬಾಯಿಗೆ ಬರುವುದಿಲ್ಲ. ಗುಂಡನ ಟೀಮು ಸೋತಿತು, ಸಿಂಚನಾ ನಕ್ಕಳು, ಅಷ್ಟಕ್ಕೇ ಮಾತು ನಿಂತಿತು. ನಿಮ್ಮಮ್ಮ ಇಬ್ಬರಿಗೂ ಬೈದಳು. ನಾನು ಸಾರು ಬಡಿಸಿದೆ, ಅಷ್ಟೆ.

ಊಟ ಆದಮೇಲೆ ಗುಂಡ ಹಿತ್ತಿಲಿಗೆ ಬಂದ. ಕೋಳಿಗೂಡಿನ ಮೇಲೆ ಹೊದಿಸಿರುವ ಬಲೆಯನ್ನು ಹಿಡಿದು ಜಗ್ಗಿ, "ಅಜ್ಜಿ, ಇದು ಮೀನಿನ ಬಲೆಯಾ?" ಎಂದು ಕೇಳಿದ. ನಮ್ಮ ಚಳ್ಳಕೆರೆಯ ಹೆಸರಿನಲ್ಲಿ ಕೆರೆ ಇದೆಯೇ ಹೊರತು ಮೀನು ಹಿಡಿಯುವವರನ್ನು ನಾನು ಕಂಡದ್ದು ಕಡಿಮೆ. "ಅಲ್ಲಪ್ಪ" ಎಂದು ಒಳಗೆ ಬಂದುಬಿಟ್ಟೆ. ನನ್ನ ಸ್ವಭಾವವೇ ಹಾಗೆ. ಯಾರಾದರೂ ಎದುರು ನಿಂತು ಕೇಳಿದರೆ ಮಾತು ಗಂಟಲಲ್ಲೇ ಕೂತುಬಿಡುತ್ತದೆ. ಬರೆಯುವುದಾದರೆ ಪರವಾಗಿಲ್ಲ, ಕಾಗದ ನನ್ನ ಮುಖ ನೋಡುವುದಿಲ್ಲ. ನನ್ನ ತವರು ಕೊಂಡ್ಲಹಳ್ಳಿಯ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು ನಾನು. ಅಕ್ಷರ ಸ್ವಲ್ಪ ಅಲ್ಲಾಡುತ್ತವೆ, ಹೊಂದಿಸಿಕೊಂಡು ಓದಿ.

ಗುಂಡಾ ಎಂದು ಬರೆದದ್ದಕ್ಕೆ ಸಿಟ್ಟಾಗಬೇಡ ಮಗಾ. ಶಾಲೆಯಲ್ಲಿ ನಿನ್ನನ್ನು ಕರೆಯುವ ಹೆಸರು ನಿಮ್ಮ ತಾತನದು. ಅದನ್ನು ನಾನು ಒಂದು ದಿನವೂ ಬಾಯಿಬಿಟ್ಟು ಹೇಳಿದವಳಲ್ಲ. ರೇಷನ್ ಅಂಗಡಿಯಲ್ಲಿ ಗಂಡನ ಹೆಸರು ಕೇಳಿದರೆ ನಿಮ್ಮಪ್ಪನನ್ನು ಮುಂದೆ ತಳ್ಳುತ್ತಿದ್ದೆ. ನಿನಗೆ ಆ ಹೆಸರಿಟ್ಟ ದಿನ ತೊಟ್ಟಿಲ ಪಕ್ಕ ನಿಂತು ಎಲ್ಲರೂ ಕಿವಿಯಲ್ಲಿ ಹೆಸರು ಹೇಳಿದರು. ನಾನು ಬಗ್ಗಿ ಸುಮ್ಮನೆ ಉಸಿರು ಬಿಟ್ಟು ಬಂದೆ.

ಆ ಬಲೆ ಮೀನಿನದಲ್ಲ, ಫುಟ್ಬಾಲಿನದು. ಗೋಲುಕಂಬಕ್ಕೆ ಕಟ್ಟುತ್ತಿದ್ದ ಬಲೆ. ಅದನ್ನು ಹೆಣೆದವನು ನನ್ನ ತಮ್ಮ ಓಬಳೇಶ. ಅದರ ಮುಂದೆ ನಿಂತು ಗೋಲು ಕಾಯುತ್ತಿದ್ದವರು ನಿಮ್ಮ ತಾತ.

ನಮ್ಮ ಕಡೆ ಫುಟ್ಬಾಲ್ ಎಲ್ಲಿಂದ ಬಂತು ಅಂತ ನಿಮಗೆ ಅನ್ನಿಸಬಹುದು. ವಾಲಿಬಾಲು, ಕಬಡ್ಡಿ ಅಂದರೆ ಸರಿ. ಆದರೆ ನಾನು ಮದುವೆಯಾಗಿ ಚಳ್ಳಕೆರೆಗೆ ಬರುವುದಕ್ಕೆ ಸ್ವಲ್ಪ ಮುಂಚೆ, ನಿಮ್ಮ ತಾತ ಕೆಲಸ ಮಾಡುತ್ತಿದ್ದ ಎಣ್ಣೆ ಮಿಲ್ಲಿಗೆ ಮಲಯಾಳಿ ಮೇಸ್ತ್ರಿಯೊಬ್ಬ ಮಿಷನ್ನು ರಿಪೇರಿಗೆ ಅಂತ ಬಂದನಂತೆ. ಮಿಷನ್ನಿನ ಸಾಮಾನಿನ ಜೊತೆ ಒಂದು ಚೆಂಡೂ ತಂದಿದ್ದ. ಮಿಷನ್ನು ರಿಪೇರಿಯಾಯಿತು, ಮೇಸ್ತ್ರಿ ಹೋದ, ಚೆಂಡು ಉಳಿಯಿತು. ಅದರಿಂದ ಒಂದು ಟೀಮಾಯಿತು. ಅದನ್ನು ನೋಡಿ ನನ್ನ ತವರೂ ಸೇರಿದ ಮೊಳಕಾಲ್ಮೂರು ಕಡೆಯ ನೇಕಾರರ ಹುಡುಗರು ಇನ್ನೊಂದು ಟೀಮು ಕಟ್ಟಿದರು. ಎರಡಕ್ಕೂ ಬೋರ್ಡಿನ ಮೇಲೆ ಬೇರೆ ಏನೋ ದೊಡ್ಡ ಹೆಸರುಗಳಿದ್ದವು. ಜನ ಮಾತ್ರ ಇವರನ್ನು ಗಾಣದೋರು ಎಂದರು, ಅವರನ್ನು ಮಗ್ಗದೋರು ಎಂದರು.

ಮಗ್ಗದೋರಿಗೆ ನೀಲಿ ಬನಿಯನ್ನು. ಅವರದೇ ಬಣ್ಣದ ಕಡಾಯಿಗಳಿದ್ದವು, ಅದ್ದಿದರೆ ಮುಗಿಯಿತು. ಗಾಣದೋರಿಗೆ ಹಳದಿ ಬನಿಯನ್ನು. ಅದಕ್ಕೆ ಕಡಾಯಿ ಎಲ್ಲಿಂದ ಬರಬೇಕು? ನನ್ನ ಅತ್ತೆ ಮತ್ತು ನಾನು ಹಂಡೆಯಲ್ಲಿ ಅರಿಶಿನ ಕುದಿಸಿ ಅದ್ದಿದೆವು. ಬಿಸಿಲಿಗೆ ಬಣ್ಣ ಹೋಗುತ್ತಿತ್ತು, ಪ್ರತಿ ದೊಡ್ಡ ಮ್ಯಾಚಿಗೆ ಮುಂಚೆ ಮತ್ತೆ ಅದ್ದುತ್ತಿದ್ದೆವು. ಬಣ್ಣ ಎದ್ದು ಕಾಣಲಿ ಅಂತ ನಾನು ಒಂದು ಹಿಡಿ ಜಾಸ್ತಿಯೇ ಹಾಕುತ್ತಿದ್ದೆ. ಗಾಣದೋರು ಹಾಗೆ ಮೈದಾನಕ್ಕೆ ಇಳಿದ ಮೊದಲನೇ ಸಲ ಮಗ್ಗದೋರ ಕಡೆ ನಿಂತಿದ್ದ ಓಬಳೇಶ ಕೂಗಿದ್ದು ಇನ್ನೂ ಕಿವಿಯಲ್ಲಿದೆ:

"ಏನ್ ಬಾವ, ಎಲ್ಲರೂ ಅರಿಶಿನ ಹಚ್ಕೊಂಡು ಬಂದೀರಿ? ಹುಡುಗಿ ಯಾವೂರು?"

"ನಿಮ್ಮೂರೇ ಕಣಲೇ" ಎಂದರು ನಿಮ್ಮ ತಾತ. "ಬೇಕಾದ್ರೆ ನಿಮ್ಮಕ್ಕನ್ನ ಕೇಳು."

ನಾನು ಕಿಟಕಿಯಿಂದ ತಲೆ ಹಿಂದಕ್ಕೆ ಎಳೆದುಕೊಂಡೆ.

ಕಿಟಕಿ ಎಂದರೆ ಮಿಲ್ಲಿನ ಹಿಂಡಿ ಗೋದಾಮಿನ ಕಿಟಕಿ. ಹೆಂಗಸರು ಮೈದಾನಕ್ಕೆ ಹೋಗುವ ರೂಢಿ ಇರಲಿಲ್ಲ. ಗೋದಾಮು ಒಂದು ಕಡೆಯ ಗೋಲುಕಂಬದ ಹಿಂದೆಯೇ ಇತ್ತು. ಶೇಂಗಾ ಹಿಂಡಿಯ ಮೂಟೆಗಳ ಮೇಲೆ ಹತ್ತಿ ನಿಂತರೆ ಆಟ ಕಾಣುತ್ತಿತ್ತು. ತಲೆ ಮೇಲೆ ಸೆರಗು ಎಳೆದುಕೊಂಡು, ಸೆರಗಿನ ಅಂಚನ್ನು ಹಲ್ಲಲ್ಲಿ ಕಚ್ಚಿಕೊಂಡು ನೋಡುತ್ತಿದ್ದೆ. ಅದಕ್ಕೇ ಇವತ್ತಿಗೂ ಫುಟ್ಬಾಲ್ ಎಂದರೆ ನನಗೆ ಹಿಂಡಿಯ ವಾಸನೆ. ನೀವು ಮೊಬೈಲು ಹಿಡಿದು ಕೂತಾಗ ಅದೇ ವಾಸನೆ ಬಂದ ಹಾಗಾಗಿ ಸುತ್ತ ನೋಡುತ್ತೇನೆ. ಇನ್ನೊಂದು ನಗುವ ವಿಷಯ. ಅಷ್ಟು ಕಷ್ಟಪಟ್ಟು ಹತ್ತಿ ನಿಂತವಳು, ಚೆಂಡು ನಿಮ್ಮ ತಾತನ ಕಡೆ ಬಂದ ತಕ್ಷಣ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಹಾಗಾಗಿ ಅವರು ಗೋಲು ತಡೆದದ್ದನ್ನು ನಾನು ನೋಡಿಯೇ ಇಲ್ಲ. ಜನ ಕೂಗಿದ ರೀತಿಯಲ್ಲೇ ತಿಳಿದುಕೊಳ್ಳುತ್ತಿದ್ದೆ.

ಓಬಳೇಶನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮವ್ವ ಹೊಲಕ್ಕೆ ಹೋಗುತ್ತಿದ್ದಳು, ಅಪ್ಪ ಮಗ್ಗಕ್ಕೆ ಕೂರುತ್ತಿದ್ದ. ತಮ್ಮ ನನ್ನ ಸೊಂಟದ ಮೇಲೆ. ಶಾಲೆಗೂ ಅವನನ್ನು ಎತ್ತಿಕೊಂಡೇ ಹೋಗುತ್ತಿದ್ದೆ. ಮೇಷ್ಟ್ರು ಒಳ್ಳೆಯವರು, "ಅವನ್ನೂ ಕೂರಿಸ್ಕೋ, ಹಾಜರಿ ಮಾತ್ರ ಕೇಳಬೇಡ" ಅನ್ನುತ್ತಿದ್ದರು. ನನ್ನ ಸ್ಲೇಟಿನ ಹಿಂಬದಿಯಲ್ಲಿ ಅವನು ಗೆರೆ ಎಳೆಯುತ್ತಿದ್ದ, ಮುಂಬದಿಯಲ್ಲಿ ನಾನು ಮಗ್ಗಿ ಬರೆಯುತ್ತಿದ್ದೆ. ನನ್ನ ಮದುವೆಯ ದಿನ ಬಸ್ಸಿನ ಬಾಗಿಲು ಹಿಡಿದುಕೊಂಡು ಇಳಿಯಲೇ ಇಲ್ಲ. ಕೊನೆಗೆ ನಿಮ್ಮ ತಾತನೇ, "ಬಿಡ್ರಿ, ಬರಲಿ. ಇನ್ನೊಂದು ತಟ್ಟೆ ಇಟ್ರಾಯ್ತು" ಎಂದು ಕರೆದುಕೊಂಡು ಬಂದರು.

ದೊಡ್ಡವನಾಗಿ ಮಗ್ಗ ಹಿಡಿದಮೇಲೂ ಆ ತಟ್ಟೆ ಹಾಗೇ ಇತ್ತು. ಪ್ರತಿ ಸಂತೆಯ ದಿನ ಸೀರೆ ಗಂಟು ಹೊತ್ತುಕೊಂಡು ಚಳ್ಳಕೆರೆಗೆ ಬರುತ್ತಿದ್ದ. ಅಂಗಡಿಯವರಿಗೆ ಸೀರೆ ಕೊಟ್ಟು ನೇರ ನಮ್ಮ ಮನೆಗೆ. ಬಾವ ಬಾಮೈದ ಎದುರುಬದುರು ಕೂತು ಮುದ್ದೆ ಮುರಿಯುತ್ತಾ ಮಗ್ಗದೋರು ಗಾಣದೋರು ಅಂತ ಶುರು ಮಾಡಿದರೆ ಸಾರು ಆರಿ ನೀರಾಗುತ್ತಿತ್ತು.

"ನಿಮ್ಮೋರ ಕಾಲಿಗೆ ಎಣ್ಣೆ ಜಾಸ್ತಿ ಆಗೈತೆ ಬಾವ, ಚೆಂಡು ಜಾರ್ತೈತೆ."

"ನಿಮ್ಮೋರು ಕೂತು ಕೂತು ನೇಯ್ದು ಸೊಂಟ ಹಿಡಿದೈತೆ. ಮೊದ್ಲು ಎದ್ದು ನಿಲ್ಲೋದು ಕಲೀಲಿ."

"ಅಕ್ಕ, ನೀನು ಹೇಳು. ನೀನು ಯಾರ ಕಡೆ?"

ನಾನು ಇನ್ನೊಂದು ಸಲ ಸಾರು ಬಡಿಸುತ್ತಿದ್ದೆ. ಅವರಿಬ್ಬರೂ ನನ್ನಿಂದ ಉತ್ತರ ಬರುವುದಿಲ್ಲ ಎಂದು ಗೊತ್ತಿದ್ದೇ ಕೇಳುತ್ತಿದ್ದರು.

ಆಗ ಗೋಲುಕಂಬಕ್ಕೆ ಬಲೆ ಇರಲಿಲ್ಲ. ಚೆಂಡು ಕಂಬದ ಒಳಗಿನಿಂದ ಹೋಯಿತೋ ಹೊರಗಿನಿಂದ ಹೋಯಿತೋ ಎಂದು ಪ್ರತಿ ಸಲ ಜಗಳ. ಈ ಜಗಳ ನಿಲ್ಲಲಿ ಅಂತ ಓಬಳೇಶ ತಾನೇ ಬಲೆ ಹೆಣೆಯಲು ಕೂತ. ಹತ್ತಿ ನೂಲನ್ನು ಹುರಿ ಮಾಡಿ, ಮೇಣ ತಿಕ್ಕಿ, ಒಂದೊಂದೇ ಗಂಟು ಬಿಗಿದು, ಬೇಸಿಗೆ ಪೂರ್ತಿ ಹೆಣೆದ. ಒಂದು ಬಲೆ ಆಗುವಷ್ಟರಲ್ಲಿ ನೂಲು ಮುಗಿಯಿತು. ಇನ್ನೊಂದು ಗೋಲಿಗೆ? ಅವನು ಅದಕ್ಕೂ ದಾರಿ ಹುಡುಕಿದ್ದ.

"ನಮ್ಮೋರು ಗೋಲು ಹೊಡೆಯೋ ಕಡೆ ಕಟ್ಟೋಣ ಬಾವ. ಹೊಡೆದದ್ದಕ್ಕೆ ಸಾಕ್ಷಿ ಬೇಕಲ್ಲ. ನಿಮ್ಮೋರು ಹೆಂಗೂ ಹೊಡೆಯಲ್ಲ."

ನಿಮ್ಮ ತಾತ ನಕ್ಕು ಒಪ್ಪಿಕೊಂಡರು. ಹಾಗಾಗಿ ಅರ್ಧ ಆಟ ಮುಗಿದಾಗ ಟೀಮುಗಳು ಕಡೆ ಬದಲಿಸುವಂತೆ ಬಲೆಯೂ ಕಂಬದಿಂದ ಕಂಬಕ್ಕೆ ಹೋಗುತ್ತಿತ್ತು. ಬೇರೆ ಎಲ್ಲಾದರೂ ಹೀಗೆ ಆಡುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. "ಈ ಬಲೆಗೆ ಆನೆ ಕಟ್ಟಿದ್ರೂ ಹರಿಯಲ್ಲ" ಎಂದು ಓಬಳೇಶ ಊರೆಲ್ಲಾ ಹೇಳಿಕೊಂಡು ತಿರುಗಿದ.

ನಿಮ್ಮಪ್ಪ ಆಗ ಒಂದನೇ ಕ್ಲಾಸೋ ಎರಡನೇ ಕ್ಲಾಸೋ. ಆ ವರ್ಷದ ದೊಡ್ಡ ಮ್ಯಾಚು ನಮ್ಮ ಮೈದಾನದಲ್ಲೇ ಆಯಿತು. ನಾನು ಮೂಟೆ ಹತ್ತಿ ನಿಂತಿದ್ದೆ. ಎರಡೂ ಕಡೆ ಸಮ ಇತ್ತಂತೆ, ಆಟ ಇನ್ನೇನು ಮುಗಿಯಬೇಕು. ನಿಮ್ಮ ತಾತನ ಹಳದಿ ಬೆನ್ನು ಕಾಣುತ್ತಿತ್ತು, ಅವರ ಹಿಂದೆ ಬಲೆ. ಮಗ್ಗದೋರು ಗುಂಪಾಗಿ ಬಂದರು, ಧೂಳೆದ್ದಿತು, ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣು ಬಿಟ್ಟಾಗ ಚೆಂಡು ಗೋಲುಕಂಬದ ಹಿಂದೆ, ಜಾಲಿ ಗಿಡದ ಬುಡದಲ್ಲಿ ಬಿದ್ದಿತ್ತು. ಎಲ್ಲಿಂದ ಹೋಯಿತೆಂದು ಯಾರಿಗೂ ಗೊತ್ತಿಲ್ಲ. ಸೀಟಿ ಊದುವವನಿಗೂ ಧೂಳಿನಲ್ಲಿ ಕಾಣಲಿಲ್ಲ.

ಓಬಳೇಶ ಓಡಿ ಬಂದ. "ಗೋಲು. ಬಲೆ ಹರ್ಕೊಂಡು ಹೋಗೈತೆ ನೋಡ್ರಿ."

ನಿಮ್ಮ ತಾತ ಬನಿಯನ್ನಿನಿಂದ ಮುಖ ಒರೆಸಿಕೊಂಡರು. "ಲೇ ಬಾಮೈದ, ಆನೆ ಕಟ್ಟಿದ್ರೂ ಹರಿಯಲ್ಲ ಅಂದಿದ್ದೆ. ಅದು ನಿಜ ಆದ್ರೆ ಚೆಂಡು ಪಕ್ಕದಾಗೆ ಹೋಗೈತೆ. ಇಲ್ಲ, ಇದು ಗೋಲೇ ಅಂದ್ರೆ ನಿಂದು ಹರಿಯೋ ಕೆಲಸ. ಯಾವ್ದು ಹೇಳು, ನಾನು ಒಪ್ಕೋತೀನಿ."

ಮೈದಾನವೆಲ್ಲಾ ನಕ್ಕಿತು. ನಿಮ್ಮ ತಾತ ಮನೆಯಲ್ಲಿ ತಟ್ಟೆಯ ಮುಂದೆ ಮಾತಾಡುವ ಹಾಗೆಯೇ ಮಾತಾಡಿದ್ದರು, ಬೇರೇನೂ ಇರಲಿಲ್ಲ. ಆದರೆ ಅಲ್ಲಿ ತಟ್ಟೆ ಇರಲಿಲ್ಲ, ಜನ ಇದ್ದರು. ಓಬಳೇಶ ಬಲೆ ನೋಡಿದ. ತನ್ನ ಟೀಮಿನ ಹುಡುಗರ ಮುಖ ನೋಡಿದ. ಆಮೇಲೆ ಹತ್ತಿರ ನಿಂತವರಿಗೆ ಮತ್ತು ಕಿಟಕಿಯಲ್ಲಿದ್ದ ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದ:

"ಹರಿದೈತೆ."

ತನ್ನ ಕೈಕೆಲಸವನ್ನು ಬಿಟ್ಟುಕೊಟ್ಟು ಟೀಮಿಗೆ ಗೋಲು ಕೇಳಿದ ಅವನು. ಅದೂ ಸಿಗಲಿಲ್ಲ. ಅಷ್ಟರಲ್ಲಿ ಎರಡೂ ಕಡೆಯವರು ನುಗ್ಗಿ ಬಲೆ ಹಿಡಿದು ಜಗ್ಗಾಡಿ ಅದು ಅಲ್ಲಲ್ಲಿ ಕಿತ್ತುಹೋಗಿತ್ತು. ಚೆಂಡು ಹರಿದದ್ದು ಯಾವುದು, ಜನ ಹರಿದದ್ದು ಯಾವುದು, ಯಾರು ಹೇಳಬೇಕು? ಸೀಟಿಯವನು ಗೋಲಿಲ್ಲ ಎಂದು ಕೈಯಾಡಿಸಿದ. ಓಬಳೇಶ ಬಲೆಯನ್ನು ಅಲ್ಲೇ ಬಿಟ್ಟು ನಡೆದ.

ಅಲ್ಲಿಗೆ ಮುಗಿದಿದ್ದರೂ ಆಗುತ್ತಿತ್ತು. ಮುಂದಿನ ಸಂತೆಗೆ ಬಂದಾಗ ಸೀರೆ ಅಂಗಡಿಯವನು ಸೀರೆ ಬಿಚ್ಚಿ ಬೆಳಕಿಗೆ ಹಿಡಿದು, "ಏನಪ್ಪಾ ನೇಕಾರ, ಇದೂ ಚೆಂಡು ತಗಲಿದ್ರೆ ಹರಿಯುತ್ತಾ?" ಅಂದನಂತೆ. ಅಂಗಡಿಯಲ್ಲಿ ಕೂತಿದ್ದ ಗಿರಾಕಿಗಳೆಲ್ಲ ನಕ್ಕರಂತೆ. ತಮ್ಮ ನೇರ ನಮ್ಮ ಮನೆಗೆ ಬಂದ, ಆದರೆ ಒಳಗೆ ಬರಲಿಲ್ಲ. ಹೊಸ್ತಿಲ ಆಚೆ ನಿಂತು ನನ್ನನ್ನು ಕರೆದ.

"ಅಕ್ಕ, ಟೀಮಿಗೆ ಅಂದಿದ್ರೆ ನಕ್ಕು ಬಿಡ್ತಿದ್ದೆ. ನನ್ನ ಕೈಗೆ ಅಂದವ್ರೆ. ಇನ್ನ ಈ ಹೊಸ್ತಿಲು ತುಳಿಯಲ್ಲ. ನನ್ನ ಮಗ್ಗದ ಮೇಲೆ ಹಳದಿ ಎಳೆ ಏರಲ್ಲ."

"ಊಟ ಮಾಡ್ಕೊಂಡು ಹೋಗೋ" ಎಂದೆ. ಅಷ್ಟೇ ನನಗೆ ತೋಚಿದ್ದು.

ಒಳಗಿದ್ದ ನಿಮ್ಮ ತಾತನಿಗೆ ಎಲ್ಲ ಕೇಳಿಸಿತ್ತು. "ಬಿಡು, ಮುಂದಿನ ಸಂತೆಗೆ ಹೊಟ್ಟೆ ಹಸಿದ್ರೆ ಬರ್ತಾನೆ" ಎಂದರು. ಮುಂದಿನ ಸಂತೆಗೆ ತಟ್ಟೆ ಇಟ್ಟು ಕಾದೆ. ಅದರ ಮುಂದಿನ ಸಂತೆಗೂ ಇಟ್ಟೆ. ಆಮೇಲೆ ತಟ್ಟೆ ತೊಳೆದು ಅಡುಗೆಮನೆಯ ಗೋಡೆಗೂಡಿನಲ್ಲಿಟ್ಟೆ.

ಹಳದಿ ನೇಯುವುದಿಲ್ಲ ಎಂದರೆ ನೇಕಾರನಿಗೆ ಎಂಥ ಕಷ್ಟ ಯೋಚಿಸಿ. ಮದುವೆ ಸೀರೆ ಕೇಳುವವರೆಲ್ಲ ಹಳದಿಯನ್ನೇ ಕೇಳುವುದು. ಅಂಥ ಗಿರಾಕಿ ಬಂದರೆ ಓಬಳೇಶ ಪಕ್ಕದ ಮನೆ ತೋರಿಸುತ್ತಿದ್ದ. ಅವನ ಹೆಂಡತಿ ನಾನು ಹೋದಾಗೆಲ್ಲ ಹಣೆ ಚಚ್ಚಿಕೊಳ್ಳುತ್ತಿದ್ದಳು. "ನೋಡ್ರಿ ಅತ್ಗೆ, ಇವರ ಫುಟ್ಬಾಲಿಗೆ ಪಕ್ಕದ ಮನೇರು ಮಾಳಿಗೆ ಕಟ್ಟಿದ್ರು."

ನಾನು ತವರಿಗೆ ಹೋಗುವುದನ್ನು ಬಿಡಲಿಲ್ಲ. ಹಬ್ಬಕ್ಕೊಮ್ಮೆ ಒಬ್ಬಳೇ ಹೋಗುತ್ತಿದ್ದೆ, ಒಬ್ಬಳೇ ಬರುತ್ತಿದ್ದೆ. ದಾರಿ ನಡುವೆ ಬಿ.ಜಿ. ಕೆರೆಯಲ್ಲಿ ಬಸ್ಸು ನಿಂತಾಗ ಪ್ರತಿ ಸಲ ಒಂದೇ ಯೋಚನೆ, ಈ ಸಲ ಏನಾದರೂ ಮಾತಾಡಬೇಕು, ಒಬ್ಬರಿಗಾದರೂ ಬುದ್ಧಿ ಹೇಳಬೇಕು ಅಂತ. ಬಸ್ಸು ಹೊರಟ ಮೇಲೆ ಆ ಯೋಚನೆ ಅಲ್ಲೇ ಉಳಿಯುತ್ತಿತ್ತು. ಇಬ್ಬರೂ ಒಬ್ಬರ ಸುದ್ದಿ ಒಬ್ಬರು ಕೇಳುತ್ತಲೇ ಇರಲಿಲ್ಲ. ಟೀಮಿನ ಸುದ್ದಿ ಕೇಳುತ್ತಿದ್ದರು.

"ಗಾಣದೋರ ಗೋಲಿಗೆ ಈಗ ಯಾರು ನಿಲ್ತಾರೆ?" ಎಂದು ತಮ್ಮ ಮಗ್ಗದಿಂದ ಕಣ್ಣೆತ್ತದೆ ಕೇಳುವನು.

"ಅವರೇ ನಿಲ್ತಾರೆ. ಈಗ ಮಂಡಿ ನೋವು ಅಂತಾರೆ."

"ಮಂಡಿಗೆ ಬಿಸಿ ಎಳ್ಳೆಣ್ಣೆ ತಿಕ್ಕಬೇಕು. ಎಣ್ಣೆ ಊರಾಗೆ ಇದ್ಕೊಂಡು ಅಷ್ಟೂ ಗೊತ್ತಾಗಲ್ವಾ ಆ ಟೀಮಿಗೆ?"

ಮನೆಗೆ ಬಂದರೆ ಇವರು ಪೇಪರ್ ಹಿಡಿದುಕೊಂಡೇ, "ಮಗ್ಗದೋರು ಹೆಂಗವ್ರೆ?" ಎನ್ನುವರು.

"ಕೆಮ್ಮು ಬಂದೈತೆ ಮಗ್ಗದೋರಿಗೆ" ಎಂದರೆ, ಮುಂದಿನ ಸಲ ನಾನು ಹೊರಡುವಾಗ ಚೀಲದಲ್ಲಿ ಒಂದು ಜೇನಿನ ಬಾಟಲಿ ಇರುತ್ತಿತ್ತು. ಯಾರು ಇಟ್ಟದ್ದು ಅಂತ ನಾನು ಕೇಳಲಿಲ್ಲ, ಅವನೂ ಕೇಳಲಿಲ್ಲ.

ನಿಮ್ಮಪ್ಪನ ಮದುವೆ ಛತ್ರದಲ್ಲಿ ಆಯಿತು. ಛತ್ರದ ಹೊಸ್ತಿಲು ನಮ್ಮ ಮನೆ ಹೊಸ್ತಿಲಲ್ಲವಲ್ಲ, ಹಾಗಾಗಿ ಓಬಳೇಶ ಬಂದ. ನೀಲಿ ಅಂಗಿ ಹಾಕಿಕೊಂಡು ಊಟದ ಸಾಲಿನ ಆ ತುದಿಯಲ್ಲಿ ಕೂತ. ಇವರು ಈ ತುದಿಯಲ್ಲಿ ನಿಂತು ಬಡಿಸುವವನಿಗೆ ಹೇಳಿದ್ದು ನನಗೆ ಕೇಳಿಸಿತು: "ಆ ನೀಲಿ ಅಂಗಿಯೋರಿಗೆ ಇನ್ನೊಂದು ಹೋಳಿಗೆ ಹಾಕಪ್ಪ. ಬೇಡ ಅಂದ್ರೂ ಹಾಕು." ತಮ್ಮ ಬೇಡ ಎನ್ನಲಿಲ್ಲ. ತಲೆ ಬಗ್ಗಿಸಿಕೊಂಡು ತಿಂದ. ಅವತ್ತು ಮಾತಾಡಿಬಿಡುತ್ತಾರೆ ಎಂದುಕೊಂಡಿದ್ದೆ. ಕೈ ತೊಳೆಯುವ ಕಡೆ ಇಬ್ಬರೂ ಹತ್ತಿರ ಹತ್ತಿರ ಬಂದರು. ನಲ್ಲಿ ಒಂದೇ ಇತ್ತು. ಇವರು ಹಿಂದಕ್ಕೆ ಸರಿದು ನಿಂತರು, ಅವನು ತೊಳೆದುಕೊಂಡು ಹೋದ. ಅಷ್ಟೆ.

ಟೀಮುಗಳೂ ಬಹಳ ದಿನ ಉಳಿಯಲಿಲ್ಲ. ಮಿಲ್ಲು ಮುಚ್ಚಿತು, ಹುಡುಗರು ಬೇರೆ ಬೇರೆ ಕೆಲಸ ಹಿಡಿದರು, ಮೈದಾನದಲ್ಲಿ ಮನೆಗಳು ಎದ್ದವು. ಆಟ ನಿಂತುಹೋಗಿತ್ತು, ಜಗಳ ಮಾತ್ರ ಆಡುತ್ತಾ ಇತ್ತು. ಅವತ್ತು ಮೈದಾನದಿಂದ ನಿಮ್ಮ ತಾತ ಎತ್ತಿಕೊಂಡು ಬಂದ ಬಲೆ ಅಟ್ಟದ ಮೇಲಿತ್ತು, ನಾನು ಕೋಳಿ ಸಾಕಿದಾಗ ಹದ್ದು ಎರಗದಿರಲಿ ಅಂತ ತೆಗೆದು ಗೂಡಿನ ಮೇಲೆ ಹೊದಿಸಿದೆ.

ನಿಮ್ಮ ತಾತನಿಗೆ ಕಾಯಿಲೆ ಜೋರಾದಾಗ ನೀವು ಚಿಕ್ಕವರು. ಸಿಂಚನಾಗೆ ಸ್ವಲ್ಪ ನೆನಪಿರಬಹುದು, ತಾತನ ಮಂಚದ ಪಕ್ಕ ಕೂತು ಬಣ್ಣ ಹಚ್ಚುತ್ತಿದ್ದೆ ನೀನು. ಒಂದು ಸಂಜೆ ಅವರ ಕಾಲು ಒತ್ತುತ್ತಾ, ಇಷ್ಟು ವರ್ಷ ಕೇಳದಿದ್ದದ್ದನ್ನು ಕೇಳಿದೆ.

"ನಿಜ ಹೇಳ್ರಿ. ಅವತ್ತು ಚೆಂಡು ಒಳಗೆ ಹೋಗಿತ್ತಾ?"

"ನಂಗೆಲ್ಲಿ ಕಾಣ್ತು? ಕಣ್ಣಿಗೆ ಬೆವರು ಇಳಿದಿತ್ತು. ಒರೆಸ್ಕೊಂಡ್ರೆ ಬನಿಯನ್ನಿನ ಅರಿಶಿನ ಕಣ್ಣಿಗೆ ಹೋಗಿ ಇನ್ನೂ ಉರಿ. ನಾನು ಏನೂ ನೋಡ್ಲಿಲ್ಲ ಕಣೆ."

ನಾನೂ ನೋಡಿರಲಿಲ್ಲ. ಇಬ್ಬರೂ ನಕ್ಕೆವು. ನಗುತ್ತಾ ಅವರಿಗೆ ಕೆಮ್ಮು ಬಂತು, ನೀರು ಕುಡಿಸಿದೆ. ಕುಡಿದು, "ಆ ಬಲೆ ಕೋಳಿ ಮೇಲಿಂದ ತೆಗೆದಿಡು. ಅವನು ಯಾವಾಗಾದ್ರೂ ಬಂದ್ರೆ ನೋಡಿ ನೊಂದ್ಕೋತಾನೆ" ಎಂದರು. ಹೂಂ ಎಂದೆ. ಆಸ್ಪತ್ರೆ, ಮನೆ ಎಂಬ ಓಡಾಟದಲ್ಲಿ ಅದು ಅಲ್ಲೇ ಉಳಿಯಿತು. ಆ ದೀಪಾವಳಿಗೆ ಮುಂಚೆಯೇ ಅವರು ಹೋದರು.

ಮಣ್ಣು ಮಾಡುವ ದಿನ ಓಬಳೇಶ ಬಂದ. ಅವರನ್ನು ಹೊರಗೆ ಕಟ್ಟೆಯ ಮೇಲೆ ಮಲಗಿಸಿದ್ದರು, ಹೊಸ್ತಿಲು ದಾಟುವ ಪ್ರಸಂಗ ಬರಲಿಲ್ಲ. ಬೇವಿನ ಮರಕ್ಕೆ ಒರಗಿ ನಿಂತಿದ್ದ. ಎಲ್ಲ ಮುಗಿದ ಮೇಲೆ ಹಾಗೇ ಬಸ್ಸಿಗೆ ಹೋದ.

ನಿಮಗೆ ನಮ್ಮ ಪದ್ಧತಿ ಗೊತ್ತಿಲ್ಲ. ಗಂಡ ಹೋದವಳಿಗೆ ತಿಥಿಯ ದಿನ ತವರಿನವರು ಮನೆ ಒಳಗೆ ಬಂದು ಸೀರೆ ಕೊಡಬೇಕು. ಅದನ್ನು ಉಟ್ಟ ಮೇಲೆಯೇ ಅವಳು ನಾಲ್ಕು ಜನರ ನಡುವೆ ಓಡಾಡುವುದು. ತವರಿನಿಂದ ಯಾರೂ ಬರದಿದ್ದರೆ ಗಂಡನ ಮನೆಯವರೇ ಯಾವುದೋ ಒಂದು ಸೀರೆ ಕೊಟ್ಟು ಮುಗಿಸುತ್ತಾರೆ. ಅಂಥವಳನ್ನು ತವರು ಸತ್ತವಳು ಅನ್ನುತ್ತಾರೆ. ಅಪ್ಪ ಅವ್ವ ಇಬ್ಬರೂ ಹೋಗಿ ವರ್ಷಗಳಾಗಿದ್ದವು. ನನ್ನ ತವರು ಎಂದರೆ ಓಬಳೇಶ ಒಬ್ಬನೇ. ಅವನು ಹೊಸ್ತಿಲು ತುಳಿಯುವುದಿಲ್ಲ ಅಂದಿದ್ದ.

ತಿಥಿಯ ದಿನ ಬೆಳಗಿನಿಂದ ನಾನು ಒಳಮನೆಯ ಗೋಡೆಗೆ ಒರಗಿ ಕೂತಿದ್ದೆ. ನಿಮ್ಮ ತಾತನ ಅಕ್ಕ, ದೊಡ್ಡತ್ತೆ, ಎರಡು ಸಲ ಬಾಗಿಲಿಗೆ ಹೋಗಿ ನೋಡಿ ಬಂದರು. ಮೂರನೇ ಸಲ ಒಂದು ಬಿಳಿ ಸೀರೆಯನ್ನು ನನ್ನ ಪಕ್ಕದಲ್ಲಿ ಇಟ್ಟರು. "ಬರಲಿಲ್ಲ ಅಂದ್ರೆ ಇರಲಿ ಅಂತ" ಎಂದರು. ಕೆಟ್ಟ ಮನಸ್ಸಿನಿಂದ ಅಲ್ಲ. ನಾನು ಆ ಸೀರೆ ನೋಡುತ್ತಾ ಕೂತೆ. ಗಂಡ ಹೋದದ್ದಕ್ಕೆ ಅಳುತ್ತಿದ್ದೆನೋ, ತಮ್ಮ ಬರದಿದ್ದದ್ದಕ್ಕೆ ಅಳುತ್ತಿದ್ದೆನೋ ನನಗೇ ತಿಳಿಯಲಿಲ್ಲ.

ಎಡೆ ಇಡುವ ಹೊತ್ತಿಗೆ ಹೊರಗೆ ಚಪ್ಪಲಿ ಬಿಟ್ಟ ಸದ್ದು. ಓಬಳೇಶ ಹೊಸ್ತಿಲ ಆಚೆ ನಿಂತಿದ್ದ, ಕಂಕುಳಲ್ಲಿ ಟವೆಲ್ಲಿನ ಗಂಟು. ಹೊಸ್ತಿಲನ್ನೇ ನೋಡುತ್ತಾ ಸ್ವಲ್ಪ ಹೊತ್ತು ನಿಂತ. ಆಮೇಲೆ ಬಲಗಾಲಿಟ್ಟು ಒಳಗೆ ಬಂದ. ನನ್ನ ಮುಂದೆ ಕೂತು ಗಂಟು ಬಿಚ್ಚಿದ.

ಹಳದಿ ಸೀರೆ. ಪೂರ್ತಿ ಹಳದಿ ರೇಷ್ಮೆ, ಅಂಚು ಮಾತ್ರ ನೀಲಿ.

ದೊಡ್ಡತ್ತೆ ಹೇಳಿದರು, "ಓಬಳೇಶಪ್ಪ, ಗಂಡ ಹೋದೋಳಿಗೆ ಅರಿಶಿನದ ಸೀರೆ ತರ್ತಾರೇನಪ್ಪ?"

"ಅರಿಶಿನದ್ದಲ್ಲಮ್ಮ. ಗಾಣದೋರ ಬಣ್ಣ. ಬಾವ ಗೋಲು ಕಾಯುವಾಗ ಹಾಕ್ತಿದ್ದ ಬಣ್ಣ."

ಅವನು ಸೀರೆಯ ಮಡಿಕೆಯನ್ನು ಕೈಯಿಂದ ಸವರುತ್ತಾ ನನಗೆ ಮಾತ್ರ ಹೇಳುವಂತೆ ಹೇಳಿದ:

"ಬಾವಂಗೆ ಹುಷಾರಿಲ್ಲ ಅಂತ ತಿಳಿದ ದಿನಾನೇ ಮಗ್ಗಕ್ಕೆ ಏರಿಸ್ದೆ ಅಕ್ಕ. ದೀಪಾವಳಿಗೆ ನಾನೇ ತಂದು ಬಾವನ ಕೈಗೆ ಕೊಡಾನ, ಏನಂತಾನೋ ನೋಡಾನ ಅಂತ. ಸೆರಗು ಒಂದು ಗೇಣು ಉಳಿದಿತ್ತು, ಫೋನು ಬಂತು. ಆಮೇಲೆ ಕೈ ಓಡ್ಲಿಲ್ಲ. ಹಂಗೇ ಕತ್ತರಿಸ್ಕೊಂಡು ಬಂದೀನಿ. ಗಿಡ್ಡ ಆಗೈತೆ. ಬೈಬೇಡ."

ನಾನು ಬೈಯಲಿಲ್ಲ. ಸೀರೆಯನ್ನು ಎದೆಗೆ ಅವುಚಿಕೊಂಡೆ. ದೊಡ್ಡತ್ತೆ ಬಿಳಿ ಸೀರೆಯನ್ನು ಮೆಲ್ಲಗೆ ಎತ್ತಿಕೊಂಡು ಹೋದರು. ಆದರೂ ಅವತ್ತು ಅಷ್ಟು ಜನರ ಮುಂದೆ ಹಳದಿ ಉಡುವ ಧೈರ್ಯ ನನಗೆ ಬರಲಿಲ್ಲ. ಹೆಗಲ ಮೇಲೆ ಹೊದಿಸಿಕೊಂಡು ಕೂತೆ, ಶಾಸ್ತ್ರ ಮುಗಿಯಿತು.

ಊಟದ ಹೊತ್ತಿಗೆ ಅವನನ್ನು ಹುಡುಕಿದರೆ ಹಿತ್ತಿಲಲ್ಲಿದ್ದ. ಕೋಳಿಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬಲೆಯ ಒಂದು ತೂತಿಗೆ ಗಂಟು ಬಿಗಿಯುತ್ತಿದ್ದ.

"ಎಲ್ಲಾ ಹರಿದೈತಲ್ಲ ಅಕ್ಕ."

"ಕೋಳಿ ಹರಿದ್ವು" ಎಂದೆ.

"ನನ್ನ ಬಲೆ ಕೋಳಿ ಹರೀತಾವೇನೆ" ಎಂದು ನಗಲು ಹೋದ. ನಗು ಅರ್ಧಕ್ಕೆ ನಿಂತು ಮುಖ ಬಲೆಯೊಳಗೆ ಇಟ್ಟುಕೊಂಡು ಅತ್ತ. ನಿಮ್ಮ ತಾತನಿಗೆ ಏನೂ ಕಂಡಿರಲಿಲ್ಲವಂತೆ ಎಂದು ಅವನಿಗೆ ಹೇಳಬೇಕೆನ್ನಿಸಿತು. ಅದರ ಬದಲು ಒಳಗಿನ ಗೋಡೆಗೂಡಿನಿಂದ ಹಳೇ ತಟ್ಟೆ ತೆಗೆದು, ತೊಳೆದು, ಮುದ್ದೆ ಹಾಕಿ ಅಲ್ಲೇ ಅವನ ಮುಂದೆ ಇಟ್ಟೆ. ಕೈ ತೊಳೆದು ತಿಂದ.

ಆಮೇಲೆ ಅವನು ಸಂತೆಗೆ ಬಂದಾಗೆಲ್ಲ ಮನೆಗೆ ಬರುತ್ತಿದ್ದ. ನಿಮಗೆ ಬತ್ತಾಸು ತರುತ್ತಿದ್ದ ಕೊಂಡ್ಲಹಳ್ಳಿ ತಾತ ಅವನೇ. ಹೋದ ವರ್ಷ ಅವನೂ ಹೋದ. ಸುದ್ದಿ ಬಂದಾಗ ನಾನು ಟ್ರಂಕು ತೆರೆದು ಆ ಹಳದಿ ಸೀರೆ ತೆಗೆದೆ. ಅದನ್ನು ಅದುವರೆಗೆ ಒಂದು ಸಲವೂ ಉಟ್ಟಿರಲಿಲ್ಲ. ನಿಮ್ಮಮ್ಮ, "ಅತ್ತೆ, ಸಾವಿನ ಮನೆಗೆ ಇದಾ?" ಎಂದು ಕೇಳಿದಳು. ಹೂಂ ಎಂದೆ. ಉಟ್ಟು ನೋಡಿದರೆ ಅವನು ಹೇಳಿದ್ದು ನಿಜ, ಸೆರಗು ಒಂದು ಗೇಣು 
ಕಡಿಮೆ. ಎಷ್ಟು ಎಳೆದರೂ ತಲೆಯವರೆಗೆ ಬರಲಿಲ್ಲ. ಬರಿ ತಲೆಯಲ್ಲೇ ಬಸ್ಸು ಹತ್ತಿದೆ, ಬರಿ ತಲೆಯಲ್ಲೇ ತವರಿನ ಬೀದಿಯಲ್ಲಿ ನಡೆದೆ. ನನ್ನ ಜೀವಮಾನದಲ್ಲಿ ಹಾಗೆ ನಡೆದದ್ದು ಅದೊಂದೇ ಸಲ. ಮಗ್ಗದೋರ ಟೀಮಿನಲ್ಲಿ ಆಡಿದ್ದ ಮುದುಕರು ಅಂಗಳದಲ್ಲಿ ಕೂತಿದ್ದರು. ನನ್ನನ್ನು ನೋಡಿ ಒಬ್ಬರು ಎದ್ದು ನಿಂತರು. "ಜಾಗ ಬಿಡ್ರಲೇ," ಎಂದರು, "ಗಾಣದೋರು ಬಂದ್ರು."

ಅವರು ಜಾಗ ಬಿಟ್ಟರು. ನಾನು ಹೋಗಿ ತಮ್ಮನ ಪಕ್ಕ ಕೂತೆ.

ಗುಂಡಾ, ಬಲೆ ಯಾವುದು ಅಂತ ಕೇಳಿದ್ದೆಯಲ್ಲ, ಇದು. ನೀವು ಯಾವ ಟೀಮಿನ ಕಡೆ ಬೇಕಾದರೂ ಇರಿ, ನಗಬೇಕಾದರೆ ನಗಿ. ತಟ್ಟೆ ಮಾತ್ರ ಎದುರುಬದುರು ಇಟ್ಟುಕೊಳ್ಳಿ. ಈ ಹಾಳೆಗಳನ್ನು ಮಡಿಸಿ, ಓಬಳೇಶ ಅವತ್ತು ಹೊಸದಾಗಿ ಬಿಗಿದ ಗಂಟುಗಳ ಹತ್ತಿರದಿಂದ ಒಂದು ಎಳೆ ದಾರ ಬಿಡಿಸಿ ಕಟ್ಟಿದ್ದೇನೆ. ಟ್ರಂಕಿನಲ್ಲಿ ಹಳದಿ ಸೀರೆಯ ಮಡಿಕೆಯೊಳಗೆ ಇಡುತ್ತೇನೆ. ಓದಿದ ಮೇಲೆ ಮತ್ತೆ ಅಲ್ಲೇ ಇಡಿ, ಇಬ್ಬರೂ ಸೇರಿ ಜೋಪಾನ ಮಾಡಿ. ಹಾಳೆ ತೆಳು, ನಾಳೆ ನಾಡಿದ್ದು ಎಲ್ಲಾದರೂ ಹರಿದೀತು. ಹರಿದರೆ ಹರಿಯಲಿ. ಬಿಸಾಕಬೇಡಿ.